ಬಾವಿನೀರಿನ ಸೀಸೆ

ಮಾರ್ಚ್ ಮುಗಿಯುವಾಗ, ಟ್ಯುನೀಷಿಯಾದ ಕಡಲಂಚಿನ
ನಾಬೆಲ್ ಪೇಟೆಯಲ್ಲಿ
ಮೀನಿನ ತಕ್ಕಡಿಯನ್ನು ತೊಳೆದು ಹೂ ತೂಗುತ್ತಾರೆ.
ಕಹಿ ಕಿತ್ತಳೆಯ ಹೂ.
ಇಬ್ಬನಿಯ ತೂಕ ಕಳೆದು ಬೆಲೆ ಹೇಳು ಎಂದು
ಮನ್ನೂಬಿಯಾ ಪ್ರತಿವರ್ಷ ಜಗಳಕ್ಕೆ ನಿಲ್ಲುತ್ತಿದ್ದಳು.

ನನಗೆ ಏಳಾದ ವರ್ಷ
ಜ್ವರ ಬಿಟ್ಟುಹೋಗುವಾಗ ಅವಳ ವಾಸನೆಯನ್ನು ಕೊಂಡುಹೋಯಿತು.
ಮೂಗು ಮಾತ್ರ ಮುಖದ ಮೇಲೆ ಉಳಿಯಿತು.
ಹಳಸಿದ ಮೀನು ಗೊತ್ತಾಗದೆ ಬಡಿಸಿದ್ದಳಂತೆ,
ಗಂಡ ಮಾತಾಡದೆ ಉಂಡನಂತೆ.
ಆದರೂ ಹೂ ತಂದಳು, ಎರಡು ಗಂಟು.

ಬಿಸಿಲು ತಾಗದ ಪಡಸಾಲೆ, ಬಿಳಿ ದುಪ್ಪಟಿ,
ಮೇಲೆ ಒಂದು ರಾತ್ರಿ ಹರವಿಟ್ಟ ಹೂ.
ಎಲೆ ಹೆಕ್ಕು, ತೊಟ್ಟು ಹೆಕ್ಕು, ಇರುವೆಗೆ ದಾರಿ ಬಿಡು,
ಕೋಪ ಬಂದಿದ್ದರೆ ಹೊರಗೆ ಹೋಗಿ ಉಗಿದು ಬಾ.
ನನಗೆ ಸಿಕ್ಕ ಪಾಠ ಇಷ್ಟೇ.

ಬೆಳಗ್ಗೆ ತಾಮ್ರದ ಹಂಡೆಗೆ ಹೂ, ಹೂ ಮುಳುಗುವಷ್ಟು ನೀರು,
ಟೋಪಿಯಂಥ ಮುಚ್ಚಳ,
ಸಂದಿಗೆ ಹಿಟ್ಟು ಮೆತ್ತಿದ ಬಟ್ಟೆಯ ಪಟ್ಟಿ,
ಗಾಯಕ್ಕೆ ಸುತ್ತಿದ ಹಾಗೆ.
ಉರಿ ಎಷ್ಟಿರಬೇಕು?
"ಅತ್ತೆ ಮಲಗಿದಾಗ ಸೊಸೆ ನಗುವಷ್ಟು."

ಟೋಪಿಯ ಮೇಲಿನ ನೀರು ಬಿಸಿಯಾದಂತೆಲ್ಲ
ಬದಲಿಸುವುದು ನನ್ನ ಕೆಲಸ.
ಕೊಡ, ಬಾವಿ, ಕೊಡ.
ಹೊತ್ತು ನೆತ್ತಿಯಿಂದ ಜಾರಿದ ಮೇಲೆ
ಕೊಳವೆಯ ತುದಿಗೆ ಒಂದು ಹನಿ ಬಂದು ಕೂತಿತು,
ಬೀಳಲೋ ಬೇಡವೋ ಎಂದು ಯೋಚಿಸಿ
ಬಿತ್ತು.

ಮೊದಲ ಸೀಸೆಯೇ ಗಟ್ಟಿ. ಆಮೇಲಿನವು ಮೆತ್ತಗೆ,
ಕೊನೆಗೆ ಬೆಂದ ಸೊಪ್ಪಿನ ನೀರು.
ಎಲ್ಲಿ ನಿಲ್ಲಿಸಬೇಕೆಂದು ಹೇಳಬೇಕಾದದ್ದು ಮೂಗು.
ಅವಳು ನನ್ನ ಮುಂದೆ ಒಂದು ಸೀಸೆ ಹಿಡಿದಳು:
"ಹೇಗಿದೆ ಹೇಳು."
"ಹೂವು," ಎಂದೆ. "ತುಂಬಾ ಹೂವು."
"ಬಾವಿನೀರು ಅದು," ಎಂದಳು.

ಸುಳ್ಳು ಹೇಳಿರಲಿಲ್ಲ ನಾನು. ಈಗಲೂ ಆಣೆ ಹಾಕುತ್ತೇನೆ.
ಗೋಡೆ, ಹಗ್ಗ, ನನ್ನ ಒದ್ದೆ ತೋಳು, ಬೆಕ್ಕಿನ ಬೆನ್ನು,
ಎಲ್ಲಕ್ಕೂ ಅದೇ ಮೆತ್ತಿಕೊಂಡಿದ್ದ ದಿನ.
ಅವಳು ನಗಲಿಲ್ಲ, ಗದರಲಿಲ್ಲ.
ಕೊಳವೆಯ ಬಾಯಿಗೆ ಕಿವಿಗೊಟ್ಟು ಕೂತಳು,
ಹನಿಗೂ ಹನಿಗೂ ನಡುವೆ ಏನನ್ನೋ ಎಣಿಸುತ್ತ.
ಒಮ್ಮೆಲೇ ಎದ್ದು ಒಲೆಯ ಕೊಳ್ಳಿಗಳನ್ನು ಎಳೆದುಹಾಕಿದಳು.

ಸೀಸೆಗಳಿಗೆ ಬಿರಡೆ, ಬಿರಡೆಗೆ ಮೇಣ,
ಮೈಗೆ ಹಳೇ ಬಟ್ಟೆ,
ಬಾಣಂತಿಯಂತೆ ನಲವತ್ತು ದಿನ ಕತ್ತಲ ಗೂಡು.
ಬಾವಿನೀರಿನ ಸೀಸೆಯನ್ನೂ
ಅದೇ ಸಾಲಿಗೆ ಸೇರಿಸಿಬಿಟ್ಟಳು.
ಗುರುತು ಹಾಕಲಿಲ್ಲ.

"ನಿನ್ನ ಕೂಲಿ, ಒಂದು ಆರಿಸಿಕೋ," ಎಂದಳು ಮೇ ತಿಂಗಳಲ್ಲಿ.
ಎಡದಿಂದ ಮೂರನೆಯದನ್ನು ಎತ್ತಿಕೊಂಡೆ.
ಅಮ್ಮ ಅದನ್ನು ಕಾಫಿಗೆ ಹನಿಸಿದಳು,
ಆಗಷ್ಟೇ ಹುಟ್ಟಿದ ತಮ್ಮನ ಹಣೆಗೆ ಸವರಿದಳು,
ಅಜ್ಜನನ್ನು ಕೊನೆಯ ಸಲ ಮೀಯಿಸಿದಾಗ
ಉಳಿದದ್ದನ್ನೆಲ್ಲ ಸುರಿದಳು.
ನೆರೆದವರೆಲ್ಲ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.
ನಾನೂ.