ಹತ್ತು, ಒಂಬತ್ತು, ಎಂಟು

ರಾತ್ರಿ ಪಾಳಿಯಲ್ಲಿ ಬರುವ ಕರೆಗಳೆಲ್ಲ ಕರೆಗಳಲ್ಲ.
ಒಬ್ಬ ರೀಚಾರ್ಜ್ ಕೇಳುತ್ತಾನೆ. ಒಬ್ಬ ಕುಡಿದು
ನಿನ್ನ ಹೆಸರೇನು ಚಿನ್ನ ಅನ್ನುತ್ತಾನೆ.
ಯಾರೋ ಹುಡುಗ ಕಿಸಕ್ಕನೆ ನಕ್ಕು ಇಟ್ಟುಬಿಡುತ್ತಾನೆ.
ಎಲ್ಲವನ್ನೂ ಬರೆದಿಡಬೇಕು, ನಗುವನ್ನೂ.

ನಾಲ್ಕೂ ಮುಕ್ಕಾಲಿಗೆ ಬಂದದ್ದು ಬರೀ ಉಸಿರು.

ಪಾಟರಿ ಟೌನಿನಲ್ಲಿ ನನ್ನಜ್ಜಿ ಮಡಕೆ ಮಾರುವಾಗ
ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು
ಕಿವಿಗೊಡುತ್ತಿದ್ದಳು. ಬಿರುಕು ಕಣ್ಣಿಗೆ ಕಾಣಲ್ಲ ಕಣೇ,
ಅದು ಹೇಳುತ್ತೆ. ಕೇಳಬೇಕು ಅಷ್ಟೆ.

ಅದಕ್ಕೇ ಅಂದೆ: ಮಾತಾಡಬೇಡ ಪುಟ್ಟಾ.
ಹೌದಾದರೆ ಫೋನಿಗೆ ಒಂದು ಸಲ ಬಡಿ.
ಇಲ್ಲವಾದರೆ ಸುಮ್ಮನಿರು.

ಮನೆಗೆಲಸವಾ? ಟಕ್.
ಹೊರಗಿನಿಂದ ಬೀಗವಾ? ಟಕ್.
ಸಂಬಳ ಕೊಡ್ತಾರಾ?
ಆ ಕಡೆ ಫ್ರಿಜ್ಜು ಗುಂಯ್ ಅನ್ನುತ್ತಿತ್ತು.
ಕರೆತಂದವರು ಗೊತ್ತಿದ್ದವರಾ?
ತಡವಾಗಿ, ಮೆತ್ತಗೆ, ಟಕ್.

ಎಷ್ಟು ವಯಸ್ಸೋ ಅಷ್ಟು ಸಲ ಬಡಿ.
ಪೆನ್ನಿನಲ್ಲಿ ಗೀಟು ಎಳೆಯುತ್ತ ಹೋದೆ.
ಹನ್ನೆರಡಕ್ಕೆ ನಿಂತಿತು.
ಆಮೇಲೆ, ಯೋಚಿಸಿ, ಇನ್ನೊಂದು.
ಆ ಹದಿಮೂರನೆಯದನ್ನು ಆ ಮನೆಯಲ್ಲೇ,
ಯಾರಿಗೂ ಹೇಳದೆ ತುಂಬಿದ್ದಳು.

ಮಹಡಿ: ನಾಲ್ಕು ಟಕ್. ರಸ್ತೆ? ಫ್ರಿಜ್ಜಿನ ಸದ್ದು.
ಕಿಟಕಿಯಾಚೆ ಹಿಡಿ ಅಂದೆ. ಹಿಡಿದಳು.
ಟ್ಯಾಂಕರೊಂದು ಹಿಂದಕ್ಕೆ ಬರುವ ಪೀಪಿ. ನಾಯಿ.
ಚರ್ಚಿನ ಗಂಟೆ, ಅದು ಮುಗಿಯುವ ಮುನ್ನವೇ ಆಜಾನ್,
ಎರಡರ ಮೇಲೂ ಮೆಟ್ರೋದವಳ ನಯವಾದ ದನಿ,
ಹಳದಿ ಗೆರೆ ದಾಟಬೇಡಿ.

ಪಕ್ಕದ ಮೇಜಿನ ಅಂಥೋಣಿರಾಜ
ನನ್ನ ಹೆಡ್‌ಫೋನಿನ ಒಂದು ಕಿವಿ ಇಸಕೊಂಡು ಕಣ್ಣು ಮುಚ್ಚಿದ.
ಮೂರು ವರ್ಷ ಆ ಗಲ್ಲಿಗಳಲ್ಲಿ ನೀರಿನ ಕ್ಯಾನು ಹೊತ್ತವನು.
'ಆ ಗಂಟೆ ಯಾವಾಗ್ಲೂ ಒಂದು ನಿಮಿಷ ಮುಂದು. ಗೊತ್ತು ನಂಗೆ,'
ಅಂದವನೇ ಠಾಣೆಗೆ ಫೋನು ಹಚ್ಚಿದ.

ಅಲ್ಲಿವರೆಗೆ ಅವಳ ಕೈ ಬಿಡುವಂತಿಲ್ಲ.
ಈ ನಂಬರು ಯಾರು ಕೊಟ್ಟರು ಎಂದುಬಿಟ್ಟೆ, ಮರೆತು.
ಮೊದಲ ಸಲ ದನಿ ಬಂತು, ದಾರದಷ್ಟು:
'ಸಾಲಿ ಗ್ವಾಡಿ ಮ್ಯಾಲ ಬರದಿತ್ರೀ ಅಕ್ಕಾರ.
ಉಲ್ಟಾ ಎಣಿಕಿ. ಹತ್ತು, ಒಂಬತ್ತು, ಎಂಟು.
ಮಕ್ಕೊಳ್ಳೂಮುಂದ ದಿನಾ ಅಂತಿದ್ನಿ.'

ಎಂಟಾದ ಮೇಲೆ?

ಸ್ವಲ್ಪ ಹೊತ್ತು ಏನಿಲ್ಲ. 'ಏಳು.'

ನಾನೂ ಅಂದೆ, ಏಳು.
ನಮ್ಮ ಭಾಷೆಯಲ್ಲಿ ಆ ಅಂಕಿಗೆ ಕೂತು ಗೊತ್ತಿಲ್ಲ.
ಚಪ್ಪಲಿ ಇದ್ದರೆ ಹಾಕ್ಕೋ. ಬೆಲ್ಲು ಹೊಡೆದರೆ ಹೆದರ...
ಒಳಗೆ ಯಾರೋ ಕೆಮ್ಮಿದರು. ಲೈನು ಕಡಿಯಿತು.

ಆರೂ ಹತ್ತಕ್ಕೆ ಜೀಪು ಗೇಟಿನಲ್ಲಿದೆ ಅಂದರು.
ಆರೂ ಕಾಲಿಗೆ, ವಾಚ್‌ಮನ್ ಯಾವ ಫ್ಲಾಟು ಅಂತ ಕೇಳ್ತಿದ್ದಾನೆ ಮೇಡಂ.
ನಾಲ್ಕನೇ ಮಹಡಿ. ಎಲ್ಲ ಬಾಗಿಲೂ ಬಡಿಯಿರಿ ಎಂದೆ.
ಬಡಿದು, ಕೇಳಿ.

ಆರೂವರೆಗೆ ನನ್ನ ಪಾಳಿ ಮುಗಿಯುತ್ತದೆ.
ಫಾರಮ್ಮಿನಲ್ಲಿ ಹೆಸರಿನೆದುರು ಅಡ್ಡಗೆರೆ,
ವಯಸ್ಸಿನೆದುರು ಹದಿಮೂರು ಗೀಟು,
ಫಲಿತಾಂಶ ಎಂಬಲ್ಲಿ ಪೆನ್ನು ಊರಿದ ಒಂದು ಚುಕ್ಕೆ.

ಮತ್ತೆ ರಿಂಗಾಯಿತು. ರಾತ್ರಿ ನಕ್ಕಿದ್ದ ಹುಡುಗ.
ಸುಮ್ನೆ ಮಾಡ್ದೆ ಆಂಟಿ,
ನಿಜವಾಗ್ಲೂ ಯಾರಾದ್ರೂ ಎತ್ತುತೀರಾ ಅಂತ ನೋಡೋಕೆ.

ಎತ್ತುತ್ತೇವೆ ಎಂದೆ.
ಈ ಸಲ ಅವನು ನಗಲಿಲ್ಲ. ಅದನ್ನೂ ಬರೆದೆ.