ಇಬ್ಬರೂ ನಾನೇ

ಶಂಕರಘಟ್ಟ. ಮೂರನೇ ಕಿಟಕಿ.
ಅಸಲು ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ,
ಎರಡೆರಡು ಜೆರಾಕ್ಸು, ಮೇಲೆ ಗೆಜೆಟೆಡ್ ಸಹಿ,
ಎಲ್ಲಾ ಇದೆ ಸಾರ್.

‘ಇದರಲ್ಲಿ ಕಾವೇರಿ, ಇದರಲ್ಲಿ ಗ್ಲೂಕೋಸ್.
ಯಾರಮ್ಮಾ ನೀನು?’

ಗ್ಲೂಕೋಸ್ ಅಂತ ಕರೆದವಳು ಅಜ್ಜಿ,
ಮೆಗ್ಗಾನ್ ಆಸ್ಪತ್ರೆಯಲ್ಲಿ ಅಮ್ಮನನ್ನು
ಉಳಿಸಿಕೊಟ್ಟ ಬಾಟಲಿಯ ನೆನಪಿಗೆ.
ಕಾವೇರಿ ಅಂತ ಬರೆದವರು ಹೆಡ್‌ಮಾಸ್ಟರು,
ಹಾಜರಿ ಕೂಗುವಾಗ ಅವರಿಗೇ ನಗು ಬರುತ್ತಿತ್ತಂತೆ.
ಹತ್ತು ವರ್ಷ ‘ಯಸ್ ಸಾರ್’ ಅಂದವಳು ಒಬ್ಬಳು,
ರಜೆಯಲ್ಲಿ ಊರೂರು ತಿರುಗಿ
ಕೂದಲೆಣ್ಣೆ ಮಾರಿದವಳು ಇನ್ನೊಬ್ಬಳು.
ಫೀಸು ಕಟ್ಟಿದ್ದು ಅವಳೇ.

‘ತಂದೆ ಹೆಸರು?’
ಹೈಕೋರ್ಟ್, ಸಾರ್.

ಗುಮಾಸ್ತರ ಪೆನ್ನು ನಿಂತಿತು.
ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ಬೆಂಚಿನ ಮೇಲಿದ್ದ ಅಪ್ಪ ಮಾತ್ರ
ಚೀಲ ಎತ್ತಿಕೊಂಡು ಎದ್ದು ನಿಂತ,
ತನ್ನನ್ನೇ ಕರೆದರೆಂದು.

‘ನೋಟರಿ ಮಾಡಿಸ್ಕೊಂಡು ಬಾ, ಐದರೊಳಗೆ.’

ಛಾಪಾ ಕಾಗದದಲ್ಲಿ ಟೈಪಾಯಿತು:
ಕಾವೇರಿ, ಗ್ಲೂಕೋಸ್, ಇಬ್ಬರೂ ಒಬ್ಬಳೇ,
ಇದು ಸತ್ಯ, ಸತ್ಯವಲ್ಲದೆ ಬೇರೆಯಲ್ಲ.
‘ಓದೋದೇನಿದೆ, ಸಹಿ ಹಾಕು’ ಅಂದರು ವಕೀಲರು.
ಓದಿದೆ. ಇನ್ನೊಂದು ಸಲ ಓದಿದೆ.
ಆಮೇಲೆ ಪೆನ್ನು ಹಿಡಿದು ಕೇಳಿದೆ:
ಯಾವ ಹೆಸರಲ್ಲಿ ಹಾಕಲಿ?