ಮುಕಾದಮ ಹೇಳಿದ್ದು

ಪುಣೆಯ ಉಂಡ್ರಿ. ಗಟಾರದ ಪೈಪಿನ ಕೆಲಸ.
ಶಿತೋಳೆ ಸಾಹೇಬ ಹಿಂದಿಯೊಳಗ ಎಂಟು ಮಾತು ಹೇಳಿದರ
ನಾನು ಕನ್ನಡದಾಗ ಒಂದ ಹೇಳ್ತಿದ್ದೆ:
"ಹುಷಾರ ಇರ್ರಿ ಅಂತ."
ಇಂಡಿ ಕಡೆಯಿಂದ ಹನ್ನೊಂದು ಮಂದಿ ತಂದಾಂವ ನಾನು,
ತಲಿಗಿಷ್ಟು ಅಂತ ನನ್ನ ಪಾಲು.
ಪಾಠ ಉದ್ದಾದರ ಹಗಲು ಗಿಡ್ಡ ಆಗ್ತದ.

ಸಾಹೇಬ ಸಣ್ಣ ಹುಡುಗ, ಮೀಸಿ ಇನ್ನೂ ಕೂತಿಲ್ಲ.
ಅವತ್ತು ಒಂದು ಗಮ್‌ಬೂಟು ತಂದಿದ್ದ, ಒಂದು ದೊಡ್ಡ ಬಕೆಟ್ಟು.
ಬೂಟು ಒಳಗ ನಿಲ್ಲಿಸಿ
ಕಂಠಮಟ ಹಸಿಮಣ್ಣು ತುಂಬಿ ತುಳಿದು
ಕೀಳ್ರಿ ನೋಡೂಣು ಅಂದ.

ಶೆಟ್ಟೆಪ್ಪ ಎದ್ದ.
ಹೆಗಲಿಗೊಂದು ಸಿಮೆಂಟಿನ ಚೀಲ ಹೊತ್ತು
ನಾಕು ಮಾಳಿಗಿ ಏರೂ ಮನಶ್ಯಾ.
ಜಗ್ಗಿದ. ಬಕೆಟ್ಟು ಎದ್ದು ಬಂತು,
ಬೂಟು ಬರಲಿಲ್ಲ.
ಎಲ್ಲಾರೂ ನಕ್ಕರು. ಅವನೂ ನಕ್ಕ.
ಆಮ್ಯಾಲ ತನ್ನ ಕಾಲು ನೋಡಿಕೊಂಡ.

ಆಗ ಸಾಹೇಬ ಒಂದು ಮಾತಂದ.
ಹಿಂದಿಯೊಳಗ ಅದು ಸಾದಾ ಇತ್ತು.
ಯಾಕೋ ಅವತ್ತು ಇದ್ದದ್ದು ಇದ್ದಂಗ ಹೇಳಿಬಿಟ್ಟೆ:
"ಟೇಕಾ ಕೊಡದ ಮಣ್ಣಿಗೆ ಹೋಗಬ್ಯಾಡ್ರಿ."

ಹೇಳಿದ ಮ್ಯಾಲ ನನಗ ಕೇಳಿಸ್ತು.
ನಮ್ಮ ಕಡೆ ಮಣ್ಣಿಗೆ ಹೋಗೋದು ಅಂದರ
ವಲ್ಲಿ ಹೆಗಲಿಗೆ ಹಾಕ್ಕೊಂಡು ನಡೆಯೋದು,
ಕಡೀಕ ಒಂದು ಹಿಡಿ ಹಾಕೋದು,
ತಿರುಗಿ ನೋಡದ ಮನಿಗೆ ಬಂದು ತಲಿಮ್ಯಾಲ ನೀರು.
ಬಾಯಾಗಿನ ತಂಬಾಕ ಜಗಿಯೋದು ನಿಂತಿತು ಹನ್ನೊಂದೂ ಮಂದೀದು.
"ಏನು ಹೇಳಿದೆ ಇವರಿಗೆ?" ಸಾಹೇಬ ಕೇಳಿದ.
ನೀವು ಹೇಳಿದ್ದ, ಅಂದೆ.

ಯಂಕವ್ವ ತಗ್ಗಿನ ದಂಡಿಗೆ ಹೋಗಿ, ಕುಕ್ಕರಗಾಲಿಲೆ ಕೂತು
ಬಿರುಕಿನಾಗ ಬೆರಳಿಟ್ಟಳು.
ಮೊದಲ ಗೆಣ್ಣು. ಎರಡನೇ ಗೆಣ್ಣು.
"ನಿನ್ನಿ ಉಗುರು ಹೋಗತಿದ್ದಿಲ್ಲ ಇದರಾಗ."
ತಗದ ಮಣ್ಣು ಅಲ್ಲೇ ದಂಡಿಗೆ ಗುಡ್ಡ ಬಿದ್ದಿತ್ತು.
ದೂರ ಯಾಕ ಹೊರತೀರಿ, ಹೊತ್ತು ಹೋಗತೈತಿ
ಅಂದಾಂವ ನಾನ.

ಎದ್ದು ಸೀರಿ ಝಾಡಿಸಿಕೊಂಡು ಆಕಿ ಕೇಳಿದ್ದು ಬ್ಯಾರೆ:
"ಈ ಪಾಠದ ತಾಸಿಂದು ಪಗಾರ ಯಾರು ಕೊಡ್ತಾರ, ಮುಕಾದಮಾ?"
ಸಾಹೇಬ ನನ್ನ ಮಾರಿ ನೋಡಿದ.
ಇದನ್ನ ನಾನು ಅವನಿಗೆ ಹಿಂದಿ ಮಾಡಿ ಹೇಳಲಿಲ್ಲ.

ಹನ್ನೊಂದು ಬಡಿಯೋದರಾಗ
ಗುಡ್ಡ ಮೂರು ಮೊಳ ಹಿಂದಕ್ಕ ಸರೀತು.
ಹಲಗಿ ಬಂದವು. ಜ್ಯಾಕು ನಾಳೆ, ಅಂದ ಫೋನಿನಾಗ ಠೇಕೇದಾರ.
ಹಂಗಾದರ ನಾವೂ ನಾಳೆ, ಅಂದೆ.
ಅವ ಏನೇನು ಬೈದ ಅಂತ ಯಾರಿಗೂ ಅನುವಾದ ಮಾಡಿಲ್ಲ.

ಖಾತೆವಹಿ ತಗದು
ಹನ್ನೊಂದು ಆಳು, ಪೂರಾ ದಿವಸ ಅಂತ ಬರದೆ.
ನನ್ನ ಪಾಲಿನ ಕಾಲಂ ಮುಂದ ಪೆನ್ನು ಹಿಡಕೊಂಡು
ಬಾಳ ಹೊತ್ತು ಕೂತಿದ್ದೆ, ಸುಳ್ಳ್ಯಾಕ ಹೇಳಲಿ.
ಆಮ್ಯಾಲ ಅದನ್ನ ಖಾಲಿ ಬಿಟ್ಟೆ.

ಶೆಟ್ಟೆಪ್ಪ ಇನ್ನೂ ಬಕೆಟ್ಟಿನ ಮುಂದ ಕೂತಿದ್ದ.
ಸಲಕಿ ಬಾಜೂಕಿಟ್ಟು, ಬರೇ ಕೈಲೆ
ಬೂಟಿನ ಸುತ್ತಿನ ಮಣ್ಣು ತೋಡಿ ತೋಡಿ ತಗೀತಿದ್ದ,
ಸಾವಕಾಶ,
ಒಳಗ ಯಾರೋ ಇದ್ದಂಗ.